ಮನೆಯಲ್ಲೇ ಚಕ್ರದ ಸ್ಟಡ್ ಬದಲಿಸಬಹುದೇ?

ಪ್ರಶ್ನೆ (ಚಿಂತಾಮಣಿಯಿಂದ)
ಮಾನ್ಯರೇ, ಪಂಕ್ಚರ್ ಅಂಗಡಿಯಲ್ಲಿ ಗಾಳಿಯ ಗನ್ನಿನಿಂದ ನಟ್ಟು ಬಿಗಿಸುವಾಗ ನನ್ನ ಮಾರುತಿ ಸ್ವಿಫ್ಟ್ ಕಾರಿನ ಮುಂದಿನ ಎಡ ಚಕ್ರದ ನಾಲ್ಕು ಸ್ಟಡ್‌ಗಳಲ್ಲಿ (ಚಕ್ರದ ನಟ್ಟು ಕೂರುವ ಬೋಲ್ಟುಗಳಲ್ಲಿ) ಒಂದು ತುಂಡಾಗಿದೆ. ಗ್ಯಾರೇಜಿಗೆ ಹೋಗದೆ ಅದನ್ನು ಮನೆಯಲ್ಲೇ ಬದಲಿಸಲು ಸಾಧ್ಯವೇ?

ಉತ್ತರ (ತುಮಕೂರಿನಿಂದ)
ಸಾಧ್ಯವಿದೆ, ಆದರೆ ಜಾಕ್ ಒಂದನ್ನೇ ನಂಬಬೇಡಿ, ಸ್ಟ್ಯಾಂಡ್ ಇಟ್ಟು, ಹಿಂದಿನ ಚಕ್ರಗಳಿಗೆ ಕಲ್ಲು ಕೊಡಿ. ಕ್ಯಾಲಿಪರ್ (ಬ್ರೇಕ್ ಡಿಸ್ಕನ್ನು ಹಿಡಿದು ನಿಲ್ಲಿಸುವ ಭಾಗ) ಬಿಚ್ಚಿದ ಮೇಲೆ ಅದು ಬ್ರೇಕ್ ಹೋಸಿನ ಮೇಲೆ ಜೋತುಬೀಳದಂತೆ ತಂತಿಯಿಂದ ಸ್ಪ್ರಿಂಗಿಗೆ ಕಟ್ಟಿ, ಡಿಸ್ಕ್ ತೆಗೆದು, ಹಬ್ (ಸ್ಟಡ್‌ಗಳು ಕೂತಿರುವ, ಚಕ್ರ ಜೋಡಿಸುವ ನಡುಭಾಗ) ತಿರುಗಿಸುತ್ತ ಹಿಂಬದಿಯಲ್ಲಿ ಸ್ಟಡ್ಡಿನ ತಲೆ ಹೊರಬರುವಷ್ಟು ಜಾಗ ಎಲ್ಲಿದೆ ಎಂದು ನೋಡಿ. ಜಾಗ ಸಿಗದಿದ್ದರೆ ಹಬ್ಬನ್ನೇ ಕಳಚಬೇಕಾಗುತ್ತದೆ, ಅದು ಪ್ರೆಸ್ (ಒತ್ತುವ ಯಂತ್ರ) ಇರುವವರ ಕೆಲಸ. ಸಿಕ್ಕರೆ ಹಳೆಯದನ್ನು ಸುತ್ತಿಗೆಯಿಂದ ಹಿಂದಕ್ಕೆ ಹೊಡೆದು ತೆಗೆದು, ಹೊಸ ಸ್ಟಡ್ಡಿನ ಹಲ್ಲುಗಳನ್ನು ಹಬ್ಬಿನ ಗೀರುಗಳಿಗೆ ಹೊಂದಿಸಿ, ನಾಲ್ಕೈದು ದಪ್ಪ ವಾಷರ್ ಹಾಗೂ ಒಂದು ಹಳೆಯ ನಟ್ಟು ಹಾಕಿ, ತಲೆ ಹಬ್ಬಿಗೆ ಪೂರ್ತಿ ಕೂರುವವರೆಗೆ ಎಳೆಯಿರಿ. ಮಾರುತಿಯ ಥ್ರೆಡ್ 12 ಮಿ.ಮೀ. ವ್ಯಾಸದ್ದು, ಪಿಚ್ (ಥ್ರೆಡ್ಡಿನ ಎರಡು ಸುತ್ತುಗಳ ನಡುವಿನ ಅಂತರ) 1.25 ಮಿ.ಮೀ., ಬೇರೆ ಹಲವು ಕಾರುಗಳ 1.5 ಪಿಚ್‌ನ ನಟ್ಟು ಇದಕ್ಕೆ ಹೊಂದದು.

ಉತ್ತರ (ಮಾಲೂರಿನಿಂದ)
ಮೇಲಿನವರ ವಿವರಣೆ ಸರಿಯಾಗಿದೆ, ಆದರೆ ಸುತ್ತಿಗೆಯ ವಿಷಯದಲ್ಲಿ ನನ್ನ ತಕರಾರಿದೆ: ಆ ಪೆಟ್ಟೆಲ್ಲ ಬೇರಿಂಗಿಗೇ ತಗಲುತ್ತದೆ. ಬಾಡಿಗೆಗಾದರೂ ಸ್ಟಡ್ ಒತ್ತುವ ಕ್ಲ್ಯಾಂಪ್ ತನ್ನಿ. ಒಂದು ತುಂಡಾಗಿದೆಯೆಂದರೆ ಉಳಿದ ಮೂರೂ ಅದೇ ಗನ್ನಿನ ಬಿಗಿತ ಕಂಡಿವೆ. ನಾನಾದರೆ ನಾಲ್ಕನ್ನೂ ಬದಲಿಸುತ್ತೇನೆ.

ಉತ್ತರ (ಕೋಲಾರದಿಂದ)
ಥ್ರೆಡ್ಡಿಗೆ ಎಣ್ಣೆ ಸವರಬೇಡಿ, ಹಾಗೆ ಮಾಡಿದರೆ ನಟ್ಟು ಅಳತೆ ಮೀರಿ ಬಿಗಿಯಾಗುತ್ತದೆ. ಕೈಪಿಡಿಯಲ್ಲಿರುವ ಟಾರ್ಕ್‌ಗೆ (ಬಿಗಿಸುವ ಬಲದ ಅಳತೆಗೆ) ಎದುರುಬದುರಾಗಿ ಬಿಗಿಸಿ, ಸುಮಾರು 100 ಕಿ.ಮೀ. ಓಡಿಸಿದ ಮೇಲೆ ಮತ್ತೊಮ್ಮೆ ಪರೀಕ್ಷಿಸಿ.