ಹಳೇ ಆಂಪ್ಲಿಫೈಯರ್ ಇದೆ, ದುಡ್ಡು ಯಾವುದಕ್ಕೆ ಹಾಕಲಿ?

ಪ್ರಶ್ನೆ:
ಚಿಕ್ಕಪ್ಪನ ಹಳೇ ಸ್ಟೀರಿಯೋ ಆಂಪ್ಲಿಫೈಯರ್ ನನ್ನ ಕೈಗೆ ಬಂದಿದೆ. ಚಾನೆಲ್‌ಗೆ 30 ವ್ಯಾಟ್. ವಾಲ್ಯೂಮ್ ತಿರುಗಿಸಿದಾಗ ಕರಕರ ಅನ್ನುತ್ತೆ, ಬೇರೆ ತೊಂದರೆ ಇಲ್ಲ. ಕೋಣೆ 10 ಅಡಿಗೆ 12 ಅಡಿ. ಕೇಳೋದು ಹೆಚ್ಚಾಗಿ ಹಾಡುಗಾರಿಕೆ, ಪಿಟೀಲು. ದುಡ್ಡು ಕಡಿಮೆ. 60 ವ್ಯಾಟಿನ ಹೊಸ ಆಂಪ್ ತಗೊಂಡು ಸಾಧಾರಣ ಸ್ಪೀಕರ್ ಹಾಕಲೋ, ಇದನ್ನೇ ಇಟ್ಟುಕೊಂಡು ಒಳ್ಳೇ ಸ್ಪೀಕರ್ ತರಲೋ?

ಉತ್ತರ 1:
ಆಂಪ್ ಇಟ್ಟುಕೊಳ್ಳಿ. ಇರೋ ದುಡ್ಡೆಲ್ಲ ಸ್ಪೀಕರಿಗೇ ಹೋಗಲಿ.

ವ್ಯಾಟ್ ಎರಡು ಪಟ್ಟಾದರೂ ಶಬ್ದ ಏರೋದು 3 ಡೆಸಿಬೆಲ್ ಮಾತ್ರ, ಕಿವಿಗೆ ತುಸು ಜೋರು ಅನಿಸುತ್ತೆ ಅಷ್ಟೇ. ಸ್ಪೀಕರ್ ಕೊಳ್ಳುವಾಗ ಸೆನ್ಸಿಟಿವಿಟಿ ನೋಡಿ: 1 ವ್ಯಾಟ್ ಕೊಟ್ಟರೆ 1 ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ಅನ್ನೋ ಲೆಕ್ಕ. 86ರ ಬದಲು 89 ಇರೋದು ಸಿಕ್ಕರೆ ನಿಮ್ಮ 30 ವ್ಯಾಟೇ 60ರ ಕೆಲಸ ಮಾಡುತ್ತೆ. ಕರೆಂಟಿಗೆ ಸ್ಪೀಕರ್ ಒಡ್ಡುವ ತಡೆಯನ್ನು ಓಮ್‌ನಲ್ಲಿ ಹೇಳ್ತಾರೆ, 8 ಓಮ್‌ನದ್ದೇ ಆರಿಸಿ. 4 ಓಮ್ ಆದರೆ ಕರೆಂಟ್ ಹೆಚ್ಚು ಎಳೆದು ಹಳೇ ಆಂಪ್ ಬಿಸಿಯಾಗುತ್ತೆ.

ಸೆಕೆಂಡ್ ಹ್ಯಾಂಡ್ ಆದರೆ ಮುಂದಿನ ಜಾಲರಿ ತೆಗೆಸಿ, ಊಫರ್ (ತಗ್ಗು ದನಿ ಕೊಡುವ ದೊಡ್ಡ ಕೋನ್) ಸುತ್ತಲಿನ ಅಂಚನ್ನು ಬೆರಳಿಂದ ಮೆಲ್ಲಗೆ ಮುಟ್ಟಿ ನೋಡಿ. ಫೋಮ್ ಅಂಚು ವರ್ಷಗಳಾದ ಮೇಲೆ ಪುಡಿಪುಡಿಯಾಗುತ್ತೆ, ರಬ್ಬರ್ ಬಾಳಿಕೆ ಜಾಸ್ತಿ. ನಾನು ತಂದ ಜೋಡಿಯ ಫೋಮ್ ಪೂರ್ತಿ ಉದುರಿತ್ತು. ಹೊಸ ಅಂಚು ತರಿಸಿ ಎರಡು ಸಂಜೆ ಕೂತು ಅಂಟಿಸಿದೆ. ಈಗಲೂ ಅದೇ ಜೋಡಿಯಲ್ಲಿ ಕೇಳ್ತೀನಿ, ತುಂಬಾ ಪ್ರೀತಿ ಅದರ ಮೇಲೆ.

ಕರಕರಕ್ಕೆ ಹೆದರಬೇಡಿ, ಸಾಮಾನ್ಯವಾಗಿ ನಾಬ್ ಹಿಂದಿನ ಪೊಟೆನ್ಷಿಯೋಮೀಟರಿನಲ್ಲಿ ಕೂತ ಕೊಳೆ ಅದು. ಒಳಗಿನ ಕೆಪಾಸಿಟರ್‌ಗಳಲ್ಲಿ ಚಾರ್ಜ್ ಉಳಿದಿರುತ್ತೆ, ರಿಪೇರಿ ಬಲ್ಲವರ ಕೈಲೇ ಕಾಂಟ್ಯಾಕ್ಟ್ ಕ್ಲೀನರ್ ಹಾಕಿಸಿ.

ಉತ್ತರ 2:
ಮೇಲಿನವರ ಮಾತು ಸರಿ. ಖರ್ಚಿಲ್ಲದ ಒಂದು ಕೆಲಸ ನಾನು ಸೇರಿಸ್ತೀನಿ, ಜಾಗ. ಎರಡು ಸ್ಪೀಕರ್ ಮತ್ತು ನಿಮ್ಮ ಕುರ್ಚಿ ಸಮಬಾಹು ತ್ರಿಕೋನವಾಗಲಿ, ಟ್ವೀಟರ್ (ಏರು ದನಿ ಕೊಡುವ ಚಿಕ್ಕ ಭಾಗ) ಕಿವಿಯ ಎತ್ತರಕ್ಕಿರಲಿ. ಮೂಲೆಗೆ ತಳ್ಳಿದರೆ ಬೇಸ್, ಅಂದರೆ ತಗ್ಗು ದನಿ, ಊದಿಕೊಂಡು ಹಾಡುವವರ ದನಿ ಮಂಕಾಗುತ್ತೆ. ನಮ್ಮ ಮನೆಯಲ್ಲಿ ಗೋಡೆಯಿಂದ ಒಂದೂವರೆ ಅಡಿ ಮುಂದೆ ಎಳೆದ ದಿನ ಹಳೇ ರೆಕಾರ್ಡಿಂಗಿನಲ್ಲೇ ಉಸಿರೆಳೆಯೋದು ಕೇಳಿಸಿತು.

ಪ್ರಶ್ನೆ ಕೇಳಿದವರು:
89 ಡೆಸಿಬೆಲ್, 8 ಓಮ್‌ನ ಜೋಡಿ ಸಿಕ್ಕಿತು, ಅಂಚು ರಬ್ಬರಿನದು. ಆದರೆ ಬೇಸ್ ತೀರಾ ತೆಳು, ದನಿ ಎಲ್ಲಿಂದ ಬರ್ತಿದೆ ಅಂತಲೇ ಗೊತ್ತಾಗ್ತಿಲ್ಲ. ಸ್ಪೀಕರೇ ಕೆಟ್ಟಿದೆಯಾ?

ಉತ್ತರ 1:
ಮೊದಲು ವೈರ್ ನೋಡಿ. ಒಂದು ಕಡೆ ಕೆಂಪು, ಕಪ್ಪು ಅದಲುಬದಲಾಗಿರಬಹುದು. ಆಗ ಒಂದು ಕೋನ್ ಮುಂದೆ ಬಂದಾಗ ಇನ್ನೊಂದು ಹಿಂದೆ ಹೋಗಿ ಬೇಸ್ ಒಂದನ್ನೊಂದು ಅಳಿಸುತ್ತೆ. ಆಂಪ್ ಆಫ್ ಮಾಡಿ ಬದಲಿಸಿ.

ಪ್ರಶ್ನೆ ಕೇಳಿದವರು:
ಅದೇ ಆಗಿತ್ತು, ಎಡಗಡೆಯದು! ಈಗ ಹಾಡುವವರು ಎರಡೂ ಸ್ಪೀಕರಿನ ನಟ್ಟನಡುವೆ ಕೂತ ಹಾಗಿದೆ, ಪಿಟೀಲು ಸ್ವಲ್ಪ ಬಲಕ್ಕೆ. ಚಿಕ್ಕಪ್ಪನ್ನ ಭಾನುವಾರ ಕರೆದಿದ್ದೀನಿ.