ಅಪ್‌ಡೇಟ್: ಲಿನೋಕಟ್ ಕವನ ಪುಸ್ತಕ ಕೊನೆಗೂ ಮುಗಿಯಿತು

ನನ್ನ ಕವನಗಳಿಗೆ ಲಿನೋಕಟ್ ಚಿತ್ರ (ಲಿನೋ ಎಂಬ ಮೆತ್ತನೆ ಹಾಳೆಯಲ್ಲಿ ಕೆತ್ತಿ, ಮಸಿ ಹಚ್ಚಿ ಕಾಗದಕ್ಕೆ ಒತ್ತುವುದು) ಅಚ್ಚು ಹಾಕಿ ಕೈಯಲ್ಲೇ ಪುಸ್ತಕ ಕಟ್ಟಬೇಕು, ಮನೆಯಲ್ಲಿ ಪ್ರೆಸ್ ಇಲ್ಲ, ಏನು ಮಾಡಲಿ ಅಂತ ಕೇಳಿದ್ದೆ ಅಲ್ವಾ? ಕಾಗದವನ್ನು ಅಚ್ಚಿನ ಮೇಲಿಟ್ಟು ಸ್ಟೀಲ್ ಚಮಚದ ಬೆನ್ನಿಂದ ಉಜ್ಜಿ ಎಂದವರಿಗೆ ಥ್ಯಾಂಕ್ಸ್. ಪ್ರೆಸ್ ಬೇಕಾಗಲೇ ಇಲ್ಲ.

ಕಾಗದಕ್ಕೆ ಮಾತ್ರ ಜಾಸ್ತಿ ಗಮನ ಕೊಡಬೇಕು. ನಾನು ತಂದದ್ದು ಜೈಪುರದ ಹತ್ತಿರದ ಸಾಂಗಾನೇರಿನ ಹತ್ತಿ ಚಿಂದಿಯ ಕೈಕಾಗದ. ಅದು ದಪ್ಪ, ಒರಟು, ಒಣಗಿದ್ದಾಗ ಮಸಿ ಅಲ್ಲಲ್ಲಿ ಬಿಟ್ಟುಹೋಗುತ್ತದೆ, ಸ್ವಲ್ಪ ತೇವ ಮಾಡಿ ಬ್ಲಾಟಿಂಗ್ ಪೇಪರ್ ನಡುವೆ ಇಟ್ಟು ಆಮೇಲೆ ಅಚ್ಚು ಹಾಕಿದರೆ ಕಪ್ಪು ತುಂಬಿಕೊಂಡು ಬರುತ್ತದೆ.

ನಿಜವಾದ ತಲೆನೋವು ಅಕ್ಷರಗಳದ್ದು. ಅಚ್ಚು ನೆಟ್ಟಗೆ ಬರಬೇಕಾದರೆ ಒತ್ತಕ್ಷರ, ಕೊಂಬು, ಸುಳಿ ಎಲ್ಲವನ್ನೂ ಉಲ್ಟಾ ಕೆತ್ತಬೇಕು. ಟ್ರೇಸಿಂಗ್ ಪೇಪರ್ ಮೇಲೆ ಮೆತ್ತನೆ ಪೆನ್ಸಿಲ್‌ನಲ್ಲಿ ಬರೆದು, ಲಿನೋ ಮೇಲೆ ಬೋರಲು ಹಾಕಿ ಉಜ್ಜಿದರೆ ತಾನಾಗಿಯೇ ಉಲ್ಟಾ ಬೀಳುತ್ತದೆ. ಆದರೂ ಶೀರ್ಷಿಕೆಗಳನ್ನಷ್ಟೇ ಕೆತ್ತಿದೆ, ಕವನಗಳು ಕೈಬರಹ. ಅದೇ ಚೆನ್ನಾಗಿ ಕಾಣುತ್ತದೆ, ಬೇಕಾದರೆ ಜಗಳ ಆಡಿ!

ಹೊಲಿಗೆ ಬಿಟ್ಟು ಅಕಾರ್ಡಿಯನ್ ಮಡಿಕೆ (ಉದ್ದ ಕಾಗದವನ್ನು ಹಿಂದೆ ಮುಂದೆ ಮಡಚುವುದು) ಮಾಡಿದೆ. ರಟ್ಟಿಗೆ ಮೈದಾ ಅಂಟು, ಹುಳ ಬೀಳದಿರಲಿ ಎಂದು ಚಿಟಿಕೆ ಮೈಲುತುತ್ತ. ಎಣ್ಣೆ ಮಸಿ ಒಣಗಲು ಬಹಳ ಸಮಯ ಬೇಕು, ಅಲ್ಲಿಯವರೆಗೆ ಪುಟಗಳ ನಡುವೆ ಬಟರ್ ಪೇಪರ್ ಇಡಿ. ಮುಂದಿನದಕ್ಕೆ ಎರಡು ಬಣ್ಣ ಹಾಕುವ ಯೋಚನೆ ಇದೆ. ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂರಲು ನೀವು ಗುರುತು ಹೇಗೆ ಮಾಡುತ್ತೀರಿ?