ಐವಿಎಫ್ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುಂಚೆ ಏನೇನು ನೋಡಬೇಕು?

ಹೊಂಗೆನೆರಳು:
ಹೆಂಡತಿಗೆ 34, ಗಂಡನಿಗೆ 39. ಮದುವೆಯಾಗಿ ನಾಲ್ಕು ವರ್ಷ. ಐವಿಎಫ್ (ಅಂಡ, ವೀರ್ಯಾಣುವನ್ನು ಲ್ಯಾಬಿನಲ್ಲಿ ಸೇರಿಸಿ, ಆದ ಭ್ರೂಣವನ್ನು ಗರ್ಭಕೋಶಕ್ಕೆ ಹಾಕುವ ಚಿಕಿತ್ಸೆ) ಮಾಡಿಸಿ ಅಂದಿದ್ದಾರೆ. ಒಪ್ಪಿಗೆ ಪತ್ರ ಹನ್ನೆರಡು ಪುಟ, ಪೂರ್ತಿ ಇಂಗ್ಲಿಷ್. ಇಂಥ ಚಿಕಿತ್ಸೆಗಳ ಬಗೆಗಿನ 2021ರ ಕಾನೂನಿನ ಪ್ರಕಾರ ಇಂಥ ದಂಪತಿಗೆ ಏನೇನು ಹಕ್ಕಿದೆ? ಉಳಿದ ಭ್ರೂಣಗಳು ಏನಾಗುತ್ತವೆ? ಮುಂದೆ ದಾನಿಯ ಅಂಡ ಬೇಕಾದರೆ ನಿಯಮ ಏನು? ಇನ್ನೊಂದು ವಿಷಯ, ಈವರೆಗೆ ಪರೀಕ್ಷೆಗಳೆಲ್ಲ ಹೆಂಡತಿಗೇ ಆಗಿವೆ, ಗಂಡನಿಗೆ ಒಂದೂ ಆಗಿಲ್ಲ. ಇದು ಸರಿಯೇ?

ಬಿಳಿಗಣಗಿಲೆ:
ಕೊನೆಯ ಪ್ರಶ್ನೆಯಿಂದಲೇ ಶುರು ಮಾಡ್ತೀನಿ. ಸರಿಯಲ್ಲ. ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡಸಿನ ತೊಂದರೆಯೂ ಸೇರಿರುತ್ತೆ. ವೀರ್ಯ ಪರೀಕ್ಷೆಗೆ ಸೂಜಿ ಇಲ್ಲ, ನೋವಿಲ್ಲ, ಖರ್ಚೂ ಕಡಿಮೆ. ಅದನ್ನು ಬಿಟ್ಟು ಹೆಣ್ಣಿನ ಗರ್ಭನಾಳಕ್ಕೆ ಬಣ್ಣ ಹಾಕಿ ಎಕ್ಸ್‌ರೇ ತೆಗೆಯುವುದು ಯಾವ ನ್ಯಾಯ?

ಪರೀಕ್ಷೆಗೆ ಮುಂಚೆ 2ರಿಂದ 7 ದಿನ ಸ್ಖಲನ ಆಗಿರಬಾರದು. ಮನೆಯಲ್ಲಿ ಸಂಗ್ರಹಿಸಿದರೆ ಒಂದು ಗಂಟೆಯೊಳಗೆ, ಮೈಗೆ ಒತ್ತಿಕೊಂಡು ಬೆಚ್ಚಗೆ ಲ್ಯಾಬಿಗೆ ಮುಟ್ಟಿಸಬೇಕು. ಕಾಂಡೋಮಿನಲ್ಲಿ ಹಿಡಿದದ್ದು ಬೇಡ, ಅದರ ಜಾರುಪದಾರ್ಥ ವೀರ್ಯಾಣುವನ್ನು ಕೊಲ್ಲಬಹುದು. ಮೊದಲ ಹನಿಗಳು ಹೊರಗೆ ಬಿದ್ದಿದ್ದರೆ ಅದನ್ನೂ ಹೇಳಬೇಕು, ಯಾಕೆಂದರೆ ಹೆಚ್ಚಿನ ವೀರ್ಯಾಣು ಇರುವುದು ಅದರಲ್ಲೇ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿ ಪ್ರಕಾರ ಕೆಳಗಿನ ಮಿತಿ ಹೀಗಿದೆ: ವೀರ್ಯದ ಪ್ರಮಾಣ 1.4 ಮಿ.ಲೀ., ಪ್ರತಿ ಮಿ.ಲೀ.ಗೆ 1.6 ಕೋಟಿ ವೀರ್ಯಾಣು, ಚಲನೆ ಶೇ. 42. ಇದಕ್ಕಿಂತ ಕಡಿಮೆ ಬಂತೆಂದು ಮಕ್ಕಳೇ ಆಗಲ್ಲ ಅಂತಲ್ಲ. ವೀರ್ಯಾಣು ತಯಾರಾಗಲು ಎರಡೂವರೆ ತಿಂಗಳು ಬೇಕು. ಹಿಂದಿನ ತಿಂಗಳ ಜೋರು ಜ್ವರವೂ ವರದಿಯನ್ನು ಕೆಡಿಸಬಹುದು. ಅದಕ್ಕೇ ಕಡಿಮೆ ಬಂದರೆ ಸುಮಾರು ಮೂರು ತಿಂಗಳು ಬಿಟ್ಟು ಮತ್ತೆ ಮಾಡಿಸುತ್ತಾರೆ.

ಕಡತದಕಟ್ಟು:
ಕಾನೂನಿನ ಭಾಗ ನಾನು ಬರೀತೀನಿ. ನೆರವಿನ ಸಂತಾನೋತ್ಪತ್ತಿ ತಂತ್ರಜ್ಞಾನ ಕಾಯ್ದೆ 2021, ಜಾರಿಯಾದದ್ದು 25 ಜನವರಿ 2022. ಹೆಣ್ಣಿಗೆ 21 ದಾಟಿ 50ರೊಳಗೆ, ಗಂಡಿಗೆ 21 ದಾಟಿ 55ರೊಳಗೆ ಇರಬೇಕು. ಮದುವೆಯಾಗದ, ಒಂಟಿ ಹೆಣ್ಣಿಗೂ ಈ ಕಾಯ್ದೆಯಡಿ ಚಿಕಿತ್ಸೆ ಪಡೆಯುವ ಹಕ್ಕಿದೆ. ಇದನ್ನು ಬಾಡಿಗೆ ತಾಯ್ತನದ ಕಾಯ್ದೆಯ ಜೊತೆ ಬೆರೆಸಿಕೊಂಡು ಬಹಳ ಜನ ಗೊಂದಲ ಮಾಡಿಕೊಳ್ತಾರೆ. ಅಲ್ಲಿ ಒಂಟಿ ಹೆಣ್ಣೆಂದರೆ 35ರಿಂದ 45ರ ವಿಧವೆ ಅಥವಾ ವಿಚ್ಛೇದಿತೆ ಮಾತ್ರ.

ಕ್ಲಿನಿಕ್ಕಿಗೆ ಹೋದ ಕೂಡಲೇ ನೋಂದಣಿ ಪ್ರಮಾಣಪತ್ರ ಗೋಡೆ ಮೇಲಿದೆಯೇ ನೋಡಿ. ಎರಡು ಹಂತ ಇವೆ. ಒಂದನೇ ಹಂತದ ಕ್ಲಿನಿಕ್ ಐಯುಐ (ವೀರ್ಯಾಣುವನ್ನು ನೇರ ಗರ್ಭಕೋಶಕ್ಕೆ ಹಾಕುವುದು) ಅಷ್ಟೇ ಮಾಡಬಹುದು, ಐವಿಎಫ್‌ಗೆ ಎರಡನೇ ಹಂತದ್ದೇ ಬೇಕು. ನೋಂದಣಿ ಐದು ವರ್ಷಕ್ಕೆ, ಅವಧಿ ಮುಗಿದಿದೆಯೇ ಗಮನಿಸಿ. ಚಿಕಿತ್ಸೆಗೆ ಮುಂಚೆ ಖರ್ಚು, ಅಡ್ಡ ಪರಿಣಾಮ, ಅವಳಿ ಗರ್ಭದ ಅಪಾಯ, ಯಶಸ್ಸಿನ ಸಾಧ್ಯತೆ ಎಲ್ಲವನ್ನೂ ಬಿಡಿಸಿ ಹೇಳುವುದು ಕ್ಲಿನಿಕ್ಕಿನ ಕರ್ತವ್ಯ. ಯಶಸ್ಸಿನ ಲೆಕ್ಕ ಕೇಳುವಾಗ "ಹೆಂಡತಿಯ ವಯಸ್ಸಿನವರಲ್ಲಿ, ಶುರು ಮಾಡಿದ ನೂರು ಜನರಲ್ಲಿ ಎಷ್ಟು ಮಂದಿ ಮಗುವನ್ನು ಎತ್ತಿಕೊಂಡು ಮನೆಗೆ ಹೋದರು" ಅಂತಲೇ ಕೇಳಿ. ಬರೀ ಗರ್ಭ ಪರೀಕ್ಷೆ ಪಾಸಿಟಿವ್ ಬಂದವರ ಲೆಕ್ಕ ಬೇರೆ, ಹೆರಿಗೆಯ ಲೆಕ್ಕ ಬೇರೆ.

ಸಹಿಯ ವಿಷಯ: ಅರ್ಥವಾಗದ ಭಾಷೆಯ ಕಾಗದಕ್ಕೆ ಹಾಕಿದ ಸಹಿಯನ್ನು ತಿಳಿದು ಕೊಟ್ಟ ಒಪ್ಪಿಗೆ ಅನ್ನಲಾಗದು. ಪುಟಪುಟವಾಗಿ ಕನ್ನಡದಲ್ಲಿ ವಿವರಿಸಿ ಅಂತ ಕೇಳಿ, ಪ್ರತಿಯನ್ನು ಮನೆಗೆ ತನ್ನಿ. ಭ್ರೂಣವನ್ನು ಗರ್ಭಕೋಶಕ್ಕೆ ಹಾಕುವ ಕ್ಷಣದವರೆಗೂ ಒಪ್ಪಿಗೆ ಹಿಂಪಡೆಯಬಹುದು. ಮುಗಿದ ಮೇಲೆ ಏನೇನು ಮಾಡಿದರು ಎಂಬ ವಿವರವಿರುವ ಬಿಡುಗಡೆ ಪತ್ರ ಕೊಡಲೇಬೇಕು. ಬೇರೆ ಡಾಕ್ಟರ ಹತ್ತಿರ ಹೋಗುವಾಗ ಅದೇ ಆಧಾರ. ಗಂಡು ಬೇಕೋ ಹೆಣ್ಣು ಬೇಕೋ ಅಂತ ಯಾರಾದರೂ ಕೇಳಿದರೆ ಅಲ್ಲಿಂದ ಎದ್ದು ಬನ್ನಿ, ಅದು ಅಪರಾಧ.

ದಾನಿಯ ಅಂಡ: ದಾನಿಗೆ 23ರಿಂದ 35 ವರ್ಷ, ಜೀವನದಲ್ಲಿ ಒಂದೇ ಸಲ, ಏಳಕ್ಕಿಂತ ಹೆಚ್ಚು ಅಂಡ ತೆಗೆಯುವಂತಿಲ್ಲ. ಅವಳ ಹೆಸರಿಗೆ 12 ತಿಂಗಳ ವಿಮೆ ನೀವೇ ಮಾಡಿಸಬೇಕು. ಏಳು ಅಂಡ ಅಂದರೆ ಏಳು ಭ್ರೂಣ ಅಲ್ಲ. ಐದಾರು ಪಕ್ವವಾಗಿ, ನಾಲ್ಕು ಫಲಿತವಾಗಿ, ಐದನೇ ದಿನಕ್ಕೆ ಎರಡೇ ಉಳಿದರೂ ಆಶ್ಚರ್ಯವಿಲ್ಲ.

ಹೊಂಗೆನೆರಳು:
ತುಂಬಾ ಉಪಕಾರ ಆಯ್ತು. ಉಳಿದ ಭ್ರೂಣ?

ಕಡತದಕಟ್ಟು:
ಗರಿಷ್ಠ 10 ವರ್ಷ ಇಡಬಹುದು. ಆಮೇಲೆ ನಾಶ, ಇಲ್ಲವೇ ನಿಮ್ಮ ಒಪ್ಪಿಗೆ ಇದ್ದರೆ ಸಂಶೋಧನೆಗೆ. ಗಂಡ ಹೆಂಡತಿಯಲ್ಲಿ ಒಬ್ಬರು ತೀರಿಕೊಂಡರೆ, ಬೇರೆಯಾದರೆ, ವರ್ಷದ ಶುಲ್ಕ ಕಟ್ಟದಿದ್ದರೆ ಭ್ರೂಣ ಏನಾಗಬೇಕು ಎಂಬ ಸಾಲುಗಳನ್ನು ಹುಡುಕಿ ಓದಿ. ಇಬ್ಬರೂ ಕೂತು ಮಾತಾಡಿ ತುಂಬಬೇಕಾದ ಜಾಗ ಅದು, ನರ್ಸ್ ತೋರಿಸಿದ ಕಡೆ ಟಿಕ್ ಮಾಡುವ ಜಾಗ ಅಲ್ಲ.

ಮುಂಜಾವು_28:
ಮಾತಿನ ಸಂಕೋಚದಿಂದ ಚಿಕಿತ್ಸೆ ಹೇಗೆ ಕೆಡುತ್ತೆ ಅಂತ ಹೇಳಬೇಕು ಅನ್ನಿಸ್ತು. "ಹೊರಗಾಗಿ ಮೂರು ದಿನ ಆಯ್ತು" ಅಂದರೆ ಡಾಕ್ಟರಿಗೆ ಏನೂ ತಿಳಿಯಲ್ಲ. ಕಂದು ಕಲೆ ಕಂಡದ್ದು ಒಂದನೇ ದಿನ ಅಲ್ಲ, ಪ್ಯಾಡ್ ಬೇಕಾಗುವಷ್ಟು ಕೆಂಪು ರಕ್ತ ಶುರುವಾದದ್ದು ಒಂದನೇ ದಿನ. ಈ ಎಣಿಕೆ ತಪ್ಪಿದರೆ 2ನೇ ದಿನದ ಸ್ಕ್ಯಾನ್, ಹಾರ್ಮೋನ್ ಪರೀಕ್ಷೆ ಎಲ್ಲ ತಪ್ಪುತ್ತೆ. "21ನೇ ದಿನದ" ಪ್ರೊಜೆಸ್ಟರಾನ್ (ಅಂಡ ಬಿಡುಗಡೆಯಾಗಿದೆಯೇ ಎಂದು ತಿಳಿಯುವ ಹಾರ್ಮೋನ್ ಪರೀಕ್ಷೆ) ಕೂಡ 28 ದಿನಕ್ಕೆ ಮುಟ್ಟಾಗುವವರಿಗೆ. 35 ದಿನಕ್ಕೆ ಆಗುವವರಿಗೆ ಅದು 28ನೇ ದಿನ. ಕ್ಯಾಲೆಂಡರ್ ಮೇಲೆ ದಿನ, ನೋವು, ಎಷ್ಟು ಪ್ಯಾಡ್, ಸಂಭೋಗದಲ್ಲಿ ನೋವಿದೆಯೇ, ಎಲ್ಲ ಬರೆದಿಡಿ. ಬಾಯಲ್ಲಿ ಹೇಳಲು ಮುಜುಗರವಾದರೆ ಆ ಹಾಳೆಯನ್ನೇ ಡಾಕ್ಟರ ಮುಂದಿಡಿ. ಮುಟ್ಟಿನ ನೋವಿಗೆ ಶಾಲೆ, ಕೆಲಸ ತಪ್ಪುವಷ್ಟಿದ್ದರೆ ಎಂಡೊಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥ ಅಂಗಾಂಶ ಹೊರಗಡೆ ಬೆಳೆಯುವ ತೊಂದರೆ) ಇರಬಹುದು, "ಎಲ್ರಿಗೂ ಇರೋದೇ" ಅಂತ ಸುಮ್ಮನಿರಬೇಡಿ.

ಐವಿಎಫ್‌ನಲ್ಲಿ ಅಂಡ ಬೆಳೆಸುವ ಇಂಜೆಕ್ಷನ್ನುಗಳು ಸುಮಾರು 8ರಿಂದ 12 ದಿನ. ಅಂಡವನ್ನು ಪಕ್ವ ಮಾಡುವ ಕೊನೆಯ ಟ್ರಿಗರ್ ಇಂಜೆಕ್ಷನ್ ನಿಮಿಷ ನೋಡಿ ಕೊಡುವಂಥದ್ದು, ಅಂಡ ತೆಗೆಯುವುದು ಅದಾದ 34ರಿಂದ 36 ಗಂಟೆಗೆ. ರಾತ್ರಿ 9.30ಕ್ಕೆ ಹೇಳಿದ್ದನ್ನು 11.30ಕ್ಕೆ ಚುಚ್ಚಿಕೊಂಡಿದ್ದರೆ ಆಗಲೇ ಫೋನ್ ಮಾಡಿ ತಿಳಿಸಿ, ಅವರು ಆಪರೇಷನ್ ಹೊತ್ತನ್ನು ಮುಂದಕ್ಕೆ ಹಾಕ್ತಾರೆ. ಬೈಯ್ತಾರೆ ಅಂತ ಮುಚ್ಚಿಟ್ಟರೆ ಅಂಡಗಳು ಪಕ್ವವಾಗದೆ ಅಷ್ಟು ದಿನದ ಕಷ್ಟ ವ್ಯರ್ಥ ಆಗಬಹುದು.

ಅಂಡ ತೆಗೆದ ಮೇಲೆ ದಿನಕ್ಕೆ ಒಂದು ಕೆಜಿಗಿಂತ ಹೆಚ್ಚು ತೂಕ ಏರಿದರೆ, ಹೊಟ್ಟೆ ಬಿಗಿದು ಉಬ್ಬಿದರೆ, ಮೂತ್ರ ಕಡಿಮೆಯಾದರೆ, ಉಸಿರು ಕಟ್ಟಿದರೆ ಬೆಳಗಾಗಲಿ ಅಂತ ಕಾಯಬೇಡಿ. ಅಂಡಾಶಯ ಅತಿಯಾಗಿ ಕೆರಳಿದ ಲಕ್ಷಣ ಅದು, ಪಿಸಿಒಎಸ್ (ಮುಟ್ಟು ಏರುಪೇರಾಗುವ, ಅಂಡಾಶಯದ ಹಾರ್ಮೋನ್ ತೊಂದರೆ) ಇರುವವರಿಗೆ ಹೆಚ್ಚು. ಅಂಥವರಿಗೆ ಆ ತಿಂಗಳು ಭ್ರೂಣ ಹಾಕದೆ ಎಲ್ಲವನ್ನೂ ಫ್ರೀಜ್ ಮಾಡಿ ಮುಂದಿನ ತಿಂಗಳುಗಳಲ್ಲಿ ಹಾಕ್ತಾರೆ. ಅದನ್ನು ಸೋಲು ಅಂದುಕೊಳ್ಳಬೇಡಿ.

ಬಿಳಿಗಣಗಿಲೆ:
ಒಂದು ಸೇರಿಸ್ತೀನಿ. ಎಚ್‌ಸಿಜಿ (ಗರ್ಭ ಪರೀಕ್ಷೆಯ ಕಿಟ್ ಪತ್ತೆ ಹಚ್ಚುವ ಹಾರ್ಮೋನ್) ಟ್ರಿಗರ್ ಕೊಟ್ಟಿದ್ದರೆ ಮನೆಯ ಕಿಟ್ಟಿನಲ್ಲಿ ಬೇಗ ನೋಡಿದಾಗ ಸುಳ್ಳು ಎರಡು ಗೆರೆ ಬರಬಹುದು. ಅವರು ಹೇಳಿದ ದಿನ ರಕ್ತ ಪರೀಕ್ಷೆಯನ್ನೇ ಮಾಡಿಸಿ. ಅಂದು ಗಂಡನೂ ಜೊತೆಗೆ ಹೋಗಲಿ.